ನೀನು ನುಡಿಸೋಕೆ ಕೂತ್ರೆ ಬರೆಯೋರು ಯಾರು?

"ಅಯ್ಯೋ, ಇದರಿಂದ ಹೊರಗೆ ಬರೋದು ಹೇಗೆ..."

ಎಲ್ಲಿ ಕ್ಲಿಕ್ ಮಾಡಿದರೂ ಕಂಪ್ಯೂಟರ್ ಪರದೆಯ ಮೇಲೊಂದು ಸ್ವರದ ಚಿಹ್ನೆ ಬೀಳುತ್ತಿತ್ತು. ಅಳಿಸಲು ಹೋದರೆ ಮತ್ತೊಂದು. ಬೆಳಗಿನಿಂದ ಬರೆದ ಪುಟಕ್ಕೆ ಇರುವೆ ಮುತ್ತಿದಂತಾಗಿತ್ತು.

ಹಿಂದಿನಿಂದ ಒಂದು ಕೈ ಬಂದು ಕೀಬೋರ್ಡಿನ ಮೂಲೆಯ ಗುಂಡಿ ಒತ್ತಿತು.

"ಎಸ್ಕೇಪ್ ಒತ್ತಿ. ಸ್ವರ ಬರೆಯೋ ಮೋಡ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ರಿ, ಅಷ್ಟೇ."

ಅವಳು ತಿರುಗಿದಳು. ವಾದ್ಯಗಳ ಅಂಗಡಿಯಿಂದ ಸಂಗೀತ ಬರೆಯುವ ಸಾಫ್ಟ್‌ವೇರ್ ಕಲಿಸಲು ಬಂದವನು. ಕಣ್ಣಿಗೆ ಕಣ್ಣು ಸೇರಿದ್ದೇ ತಡ, ಅವಳಿಗೆ ಕೇಳಬೇಕಾದ್ದೆಲ್ಲ ಮರೆತುಹೋಯಿತು.

ಮುಂದಿನ ಹಾಲಿನಲ್ಲಿ ಅಣ್ಣನ ವಾದ್ಯವೃಂದದ ಅಭ್ಯಾಸ ನಡೆದಿತ್ತು. ಒಬ್ಬೊಬ್ಬ ವಾದಕನಿಗೂ ಬೇರೆ ಬೇರೆ ಸ್ವರದ ಹಾಳೆ ಬರೆದುಕೊಡುವುದು ಹಿಂದಿನ ಕೋಣೆಯ ಈ ತಂಗಿಯ ಕೆಲಸ. ಅಪ್ಪ ಅಮ್ಮ ಹೋದ ಮೇಲೆ ಸಾಕಿದವನು ಅಣ್ಣ. ವಯಲಿನ್ ಕಲಿಸಿದವನೂ ಅವನೇ. ಆದರೆ "ನಾನೂ ನುಡಿಸಲಾ?" ಎಂದಾಗಲೆಲ್ಲ ಒಂದೇ ಉತ್ತರ.

"ನೀನು ನುಡಿಸೋಕೆ ಕೂತ್ರೆ ಬರೆಯೋರು ಯಾರು ಪುಟ್ಟಿ?"

ಮೂವತ್ತು ತುಂಬಿದರೂ ಅವಳು ಪುಟ್ಟಿಯೇ. ಅನ್ನ ಹಾಕಿದ ಕೈಗೆ ಎದುರಾಡುವುದು ಹೇಗೆ...

ಸಾಫ್ಟ್‌ವೇರ್ ಕಲಿಸುವವನನ್ನು ಅತ್ತಿಗೆ 'ಮೇಷ್ಟ್ರು' ಎಂದು ಕರೆಯತೊಡಗಿದಳು. ಅವನು ದಿನವೂ ಬಂದ. ಪರದೆಯ ಎಡಗಡೆ ಚಿಹ್ನೆಗಳ ಪಟ್ಟಿ, ಮೇಲೆ ಸ್ವರದ ಉದ್ದ ಆರಿಸುವ ಗುಂಡಿಗಳು, ಒಂದೊಂದಾಗಿ ತೋರಿಸಿದ.

"ಇಲ್ಲಿ ಒತ್ತಿದ್ರೆ ಎಲ್ಲರ ಹಾಳೆನೂ ತಾನೇ ಬೇರೆ ಆಗುತ್ತೆ."

"ಇಷ್ಟೇನಾ? ಇದಕ್ಕೆ ನನ್ನ ಕಣ್ಣೆಲ್ಲ ಸವೆದು ಹೋಯ್ತಲ್ಲ," ಎಂದು ಅವಳು ನಕ್ಕಳು. ಅವನು ನಗಲಿಲ್ಲ. ಅವನೆದ್ದು ಹೋದ ಮೇಲೆ ಆ ಕೋಣೆ ಮೊದಲಿಗಿಂತ ಕಿರಿದೆನಿಸುತ್ತಿತ್ತು.

ಒಂದು ಮಧ್ಯಾಹ್ನ ಹಾಲಿನಿಂದ ಅವನ ದನಿ ಕೇಳಿಸಿತು.

"ಇನ್ನು ಬರೆಯೋಕೆ ನಿಮ್ಮ ತಂಗಿ ಬೇಕಾಗಲ್ಲ ಸಾರ್. ನಿಮಗೇ ಕಲಿಸ್ತೀನಿ."

'ನುಡಿಸೋಕಂತೂ ಬಿಡಲಿಲ್ಲ. ಈಗ ಇದೂ ಇಲ್ಲವೇ? ಕಲಿಸುತ್ತಲೇ ಕತ್ತು ಕುಯ್ದನಲ್ಲ...' ಅವಳು ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ.

ಕೊನೆಗೆ ಅತ್ತಿಗೆಯೇ ಬಾಯಿಬಿಟ್ಟಳು. "ಅರ್ಧ ಕೇಳಿಸ್ಕೊಂಡು ಮುನಿಸ್ಕೊಂಡ್ಯಾ? ನಿನ್ನನ್ನ ವಯಲಿನ್ ಸಾಲಲ್ಲಿ ಕೂರಿಸಿ ಅಂತ ಬೇಡ್ಕೊಂಡ್ರು ಕಣೇ ಮೇಷ್ಟ್ರು. ನಮ್ಮನೆ ವಿಷ್ಯ ನಿಮಗ್ಯಾಕೆ ಅಂತ ನಿಮ್ಮಣ್ಣ ಕಳಿಸೇಬಿಟ್ರು."

ಅವಳು ನೇರ ಹಾಲಿಗೆ ಹೋದಳು.

"ಅಣ್ಣಾ, ನಾಳೆಯಿಂದ ನಾನು ಬರೆಯಲ್ಲ, ನುಡಿಸ್ತೀನಿ. ಇಲ್ಲಿ ಜಾಗ ಇಲ್ಲ ಅಂದ್ರೆ ಬೇರೆ ಕಡೆ."

ಅಣ್ಣ ಮುಖ ತಿರುಗಿಸಿದ. ಸಾಕಿದ ಋಣವೆಲ್ಲ ಎದ್ದು ಬಂದು ಹೊಸ್ತಿಲಲ್ಲಿ ಅಡ್ಡ ನಿಂತಂತಾಯಿತು. ಆದರೂ ದಾಟಿದಳು.

ವಾದ್ಯಗಳ ಅಂಗಡಿಯಲ್ಲಿ ಅವನು ಗಿಟಾರಿಗೆ ತಂತಿ ಹಾಕುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಂಗೆ ನುಡಿಸೋ ಆಸೆ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಹಾಲಲ್ಲಿ ವಯಲಿನ್ ಶುರುವಾದ್ರೆ ನಿಮ್ಮ ಎಡಗೈ ಬೆರಳು ಮೇಜಿನ ಅಂಚಲ್ಲಿ ಓಡಾಡ್ತಿತ್ತು. ನೋಡಿಕೊಂಡು ಸುಮ್ಮನಿರೋಕೆ ಆಗ್ಲಿಲ್ಲ."

ಅವಳ ಕಣ್ಣು ತುಂಬಿತು. "ಅಣ್ಣನ ಕೋಣೆ ಬಿಟ್ಟು ಗಂಡನ ಕೋಣೆ ಸೇರೋಕೆ ನಾನು ಬಂದಿಲ್ಲ."

"ಗೊತ್ತು. ನೀವಂದ್ರೆ ನಂಗೆ ಪ್ರಾಣ... ಆದ್ರೆ ಮೊದಲು ನುಡಿಸಿ. ಮದುವೆ ಮಾತು ನೀವು ಎತ್ತಿದಾಗ ಎತ್ತೋಣ."

"ಈಗಲೇ ಎತ್ತಿದ್ರೆ?"

ಅವನು ಗಿಟಾರನ್ನು ಮೆಲ್ಲಗೆ ಕೆಳಗಿಟ್ಟ.

"ಹಾಗಾದ್ರೆ... ಸ್ವಲ್ಪ ಕೂತ್ಕೋತೀನಿ. ಕಾಲು ನಡುಗ್ತಿದೆ."

"ಜಾಗ ಬಿಡಿ," ಎಂದಳು ಅವಳು. "ನಂಗೂ ನಡುಗ್ತಿದೆ."