ಇಪ್ಪತ್ತೊಂದನೇ ನಂಬರಿನ ಕಾಗದ

“ಇದರಲ್ಲಿ ಯುದ್ಧ ಎಲ್ಲಿದೆ?” ಎಂದರು ಹೆಡ್ ಮಿಸ್.

ಅವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದು ಫಿರಂಗಿಯಾದರೂ ಉದುರೀತೇನೋ ಎಂಬಂತೆ ಒಮ್ಮೆ ಕೊಡವಿಯೂ ನೋಡಿದರು. ಏನೂ ಉದುರಲಿಲ್ಲ.

ಮೇಜಿನ ಈಚೆ ಚಿನಕುರಳಿ ಉಗುರು ಕಚ್ಚುತ್ತ ನಿಂತಿದ್ದಳು. ಬಾಯಿ ತೆರೆದರೆ ಪಟಪಟ ಸಿಡಿಯುತ್ತಾಳೆಂದು ಅಪ್ಪ ಇಟ್ಟ ಹೆಸರು ಅದು. ಈಗ ಸ್ಕೂಲಿಗೆಲ್ಲ ಅದೇ ಹೆಸರು. ಅಪ್ಪ ಸೈನಿಕ. ಯುದ್ಧ ಶುರುವಾದ ಮೇಲೆ ಗಡಿಗೆ ಹೋದವನು ಏಳು ತಿಂಗಳಿಂದ ಅಲ್ಲೇ ಇದ್ದ. ಇಡೀ ಸ್ಕೂಲಿನಲ್ಲಿ ಯುದ್ಧಕ್ಕೆ ಹೋದ ಅಪ್ಪ ಇದ್ದದ್ದು ಅವಳೊಬ್ಬಳಿಗೇ.

ಅದಕ್ಕೇ ಶನಿವಾರದ ‘ವೀರನ ಪತ್ರ’ ಕಾರ್ಯಕ್ರಮದಲ್ಲಿ ಓದುವ ಚಾನ್ಸು ಅವಳಿಗೆ ಸಿಕ್ಕಿತ್ತು. ಒಂದು ಸಲವಾದರೂ ಮೈಕಿನ ಮುಂದೆ ನಿಲ್ಲಬೇಕೆಂದು ಅವಳಿಗೆ ಎಷ್ಟೋ ದಿನದಿಂದ ಆಸೆ. ಅಮ್ಮನನ್ನು ಕಾಡಿ ಬೇಡಿ, “ಮಡಿಕೇಲಿ ಹರೀಬೇಡ್ವೇ” ಎಂದು ಹತ್ತು ಸಲ ಹೇಳಿಸಿಕೊಂಡು ಕಾಗದ ತಂದಿದ್ದಳು.

ಹೆಡ್ ಮಿಸ್ ಜೋರಾಗಿ ಓದಿದರು.

“ನಂಬರ್ ಇಪ್ಪತ್ತೊಂದು. ಪಕ್ಕದ ಮನೆಯಾತ ನಮ್ಮ ಏಣಿ ವಾಪಸ್ ಕೊಟ್ಟನೋ ಇಲ್ಲವೋ? ನೀನು ಕೇಳಲು ಸಂಕೋಚಪಡುತ್ತೀ, ನನಗೆ ಗೊತ್ತು. ಕುಕ್ಕರಿಗೆ ಕೆಂಪು ಗ್ಯಾಸ್ಕೆಟ್ ತರಬೇಡ, ಮೂರೇ ದಿನಕ್ಕೆ ಸಡಿಲವಾಗುತ್ತದೆ. ನನ್ನ ಕುತ್ತಿಗೆಯ ಹಿಂದೆ ಒಂದು ಕುರು ಎದ್ದಿದೆ. ಮೊನ್ನೆ ನಾವು...”

ಅಲ್ಲಿಂದ ಮೂರು ಸಾಲು ಕಪ್ಪು ಮಸಿ. ಗಡಿಯಿಂದ ಬರುವ ಕಾಗದಗಳನ್ನು ಮೊದಲು ಅಲ್ಲಿನ ಆಫೀಸಿನವರು ಓದುತ್ತಾರೆ. ಹೊರಗೆ ಗೊತ್ತಾಗಬಾರದ್ದು ಇದ್ದರೆ ಮಸಿ ಬಳಿಯುತ್ತಾರೆ. ಮಸಿ ಮುಗಿದ ಮೇಲೆ ಒಂದೇ ಸಾಲು ಉಳಿದಿತ್ತು: “ಎರಡು ಜೊತೆ ಸಾಕ್ಸ್ ಕಳಿಸು.”

“ಏಣಿ, ಗ್ಯಾಸ್ಕೆಟ್ಟು, ಕುರು, ಸಾಕ್ಸು! ಚೀಫ್ ಗೆಸ್ಟ್ ಮುಂದೆ ಇದನ್ನ ಓದೋಕಾಗುತ್ತೇನಮ್ಮಾ?”

“ನಮ್ಮಪ್ಪ ಯಾವಾಗ್ಲೂ ಹಿಂಗೇ ಬರೆಯೋದು ಮಿಸ್” ಎಂದಳು ಚಿನಕುರಳಿ. ಅವಳಿಗೆ ಅಪ್ಪನ ಮೇಲೆ ಸಣ್ಣ ಸಿಟ್ಟು ಬಂತು. ಅಷ್ಟು ದೂರ ಹೋಗಿ ಕೂತು ಯಾರಾದರೂ ಗ್ಯಾಸ್ಕೆಟ್ ವಿಷಯ ಬರೆಯುತ್ತಾರಾ?

ಹೆಡ್ ಮಿಸ್ ಕಪ್ಪು ಮಸಿಯ ಮೇಲೆ ಬೆರಳಿಟ್ಟರು. ಅವರ ಮುಖ ಅರಳಿತು. “ಇಲ್ಲಿದೆ ನೋಡು ಶೌರ್ಯ! ಶೌರ್ಯ ಇದ್ದದ್ದಕ್ಕೇ ಮಸಿ ಬಳಿದಿದಾರೆ. ಕವಿ ಮೇಷ್ಟ್ರನ್ನ ಕರೀರಿ!”

ಕವಿ ಮೇಷ್ಟ್ರು ಎಂದರೆ ಭಾಷೆಯ ಪಾಠ ಮಾಡುವವರು. ರಜಾ ಅರ್ಜಿಯನ್ನೂ ಪದ್ಯದಲ್ಲಿ ಬರೆಯುವ ಆಸಾಮಿ. ಒಂದು ಪಿರಿಯಡ್ ಮುಗಿಯುವುದರೊಳಗೆ ಅವರು ಮೂರು ಸಾಲಿನ ಮಸಿಯಡಿಯಿಂದ ಎರಡು ಪುಟ ತೆಗೆದರು.

“ಸಾರ್, ನಮ್ಮಪ್ಪ ಇದನ್ನೆಲ್ಲ ಬರೀಲಿಲ್ವಲ್ಲ?”

“ಬರೆದಿದ್ರಮ್ಮಾ, ಅವರು ಮಸಿ ಬಳಿದ್ರು. ನಾನು ಒರೆಸ್ತಿದೀನಿ, ಅಷ್ಟೆ” ಎಂದರು ಮೇಷ್ಟ್ರು. “ಏಣಿ ತೆಗೆದಿದೀನಿ. ಕುರುವನ್ನ ಗುಂಡೇಟು ಮಾಡಿದೀನಿ. ಕುತ್ತಿಗೆ ಹಿಂದೆ ಇದ್ದದ್ದನ್ನ ಎದೆಗೆ ತಂದಿದೀನಿ. ವೀರರಿಗೆ ಹಿಂದುಗಡೆ ಏಟು ಬೀಳಬಾರದು ನೋಡು.”

ಓದಲು ಮಾತ್ರ ಭಲೇ ಮಜವಾಗಿತ್ತು. ಚಿನಕುರಳಿ ದಾರಿಯುದ್ದಕ್ಕೂ ಕೈಯೆತ್ತಿ ಪ್ರಾಕ್ಟೀಸ್ ಮಾಡುತ್ತಲೇ ಮನೆಗೆ ಬಂದಳು.

ಮನೆಯ ಒಳಕೋಣೆಯಲ್ಲಿ ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯೂನಿಫಾರ್ಮ್ ಅಂಗಿಗಳಿಗೆ ಕಾಲರ್ ಹಚ್ಚುತ್ತಿದ್ದಳು. ಅಪ್ಪನಿಂದ ಕಾಗದ ಬಂದು ಇಪ್ಪತ್ನಾಲ್ಕು ದಿನವಾಗಿತ್ತು. ಯುದ್ಧದ ಟಪಾಲು ಹಿಂದುಮುಂದಾಗಿ ಬರುತ್ತದೆಂದು ಅಪ್ಪ ಅಮ್ಮ ಇಬ್ಬರೂ ಕಾಗದದ ಮೂಲೆಯಲ್ಲಿ ನಂಬರ್ ಹಾಕುತ್ತಿದ್ದರು. ಇಪ್ಪತ್ತೊಂದು ಬಂದ ಮೇಲೆ ಇಪ್ಪತ್ತೆರಡು ಬಂದಿರಲಿಲ್ಲ. ಅಂಚೆಯವನ ಸೈಕಲ್ ಬೆಲ್ ಕೇಳಿದಾಗಲೆಲ್ಲ ಮೆಷಿನ್ ತಾನಾಗಿ ನಿಂತುಬಿಡುತ್ತಿತ್ತು.

ಚಿನಕುರಳಿ ಮುಂದಿನ ಕೋಣೆಯಲ್ಲಿ ಸ್ಟೂಲ್ ಹತ್ತಿದಳು. ಸೌಟನ್ನು ಮೈಕಿನಂತೆ ಹಿಡಿದಳು.

“ನನ್ನ ಎದೆಗೆ ಗುಂಡು ಹೊಕ್ಕಿದೆ! ನೆತ್ತರು ಕಾಲುವೆಯಾಗಿ ಹರಿಯುತ್ತಿದೆ! ಆದರೂ ನಾನು ಹಿಂದಡಿ ಇಡಲಾರೆ! ಪ್ರಿಯೇ, ಇದೇ ನನ್ನ ಕೊನೆಯ ಪತ್ರವಾದರೂ ಅಳಬೇಡ...”

ಮೆಷಿನ್ ಸದ್ದು ನಿಂತಿತು.

ಅಮ್ಮ ಬಾಗಿಲಲ್ಲಿದ್ದಳು. ಕೈಯಲ್ಲಿ ಅರ್ಧ ಹೊಲಿದ ಕಾಲರ್ ಹಾಗೇ ಇತ್ತು.

“ಯಾವಾಗ ಬಂತೇ ಇದು? ಎಷ್ಟನೇ ನಂಬರು?”

“ಅಮ್ಮಾ, ಇದು...”

“ಎದೆಗಾ? ಎದೆಗೇ ಬಿತ್ತಾ? ಕೊಡಿಲ್ಲಿ!”

ಅಮ್ಮ ಕಾಗದ ಕಿತ್ತುಕೊಂಡಳು. ಚಿನಕುರಳಿಗೆ ಯಾವತ್ತೂ ಮಾತು ಕೈಕೊಟ್ಟಿರಲಿಲ್ಲ. ಇವತ್ತು ಕೈಕೊಟ್ಟಿತು.

“ಅಪ್ಪನ ಕಾಗದ ಅಲ್ಲಮ್ಮಾ. ಕವಿ ಮೇಷ್ಟ್ರು ಬರೆದಿದ್ದು. ಸ್ಕೂಲಿಗೆ. ಸುಮ್ನೆ” ಎಂದು ತೊದಲಿದಳು.

ಅಮ್ಮ ಅಕ್ಷರ ನೋಡಿದಳು. ಅಪ್ಪನ ಕೋಳಿಕಾಲಿನ ಅಕ್ಷರವಲ್ಲ, ಮೇಷ್ಟ್ರ ದುಂಡು ಅಕ್ಷರ. ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಮೊದಲು ನಕ್ಕಳು. ಆಮೇಲೆ ಅತ್ತಳು. ಕಾಲರಿನಿಂದಲೇ ಮೂಗು ಒರೆಸಿಕೊಂಡಳು.

“ನಿಜವಾದ್ದು ಎಲ್ಲೇ?” ಎಂದಳು ಸುಧಾರಿಸಿಕೊಂಡು.

ಚಿನಕುರಳಿ ಬ್ಯಾಗಿನಿಂದ ತೆಗೆದು ಕೊಟ್ಟಳು. ಅಮ್ಮ ಅದನ್ನು ತೊಡೆಯ ಮೇಲೆ ಹರಡಿ ಕುರುವಿನ ಸಾಲು ಓದಿದಳು. ಗ್ಯಾಸ್ಕೆಟ್ ಸಾಲು ಓದಿದಳು. ಏಣಿಯ ಸಾಲನ್ನು ತುಟಿಯಲ್ಲೇ ಎರಡು ಸಲ ಓದಿದಳು. ಓದುತ್ತ ಓದುತ್ತ ಅವಳ ಉಸಿರು ಹದಕ್ಕೆ ಬಂತು. ಚಿನಕುರಳಿ ಪಕ್ಕದಲ್ಲೇ ಕೂತು ಅದನ್ನೆಲ್ಲ ನೋಡುತ್ತಿದ್ದಳು.

ಮರುದಿನ ಅವಳು ಸೀದಾ ಹೆಡ್ ಮಿಸ್ ರೂಮಿಗೆ ಹೋಗಿ ಮೇಷ್ಟ್ರ ಎರಡು ಪುಟಗಳನ್ನು ಮೇಜಿನ ಮೇಲಿಟ್ಟಳು. “ಮಿಸ್, ನಾನು ಓದಲ್ಲ.”

ಬೈಯುತ್ತಾರೆ ಎಂದುಕೊಂಡಿದ್ದಳು. ಹೆಡ್ ಮಿಸ್ಸಿಗೆ ಬೈಯುವಷ್ಟು ಪುರುಸೊತ್ತಿರಲಿಲ್ಲ. “ಕಾಗದ ಇದ್ರೆ ಸಾಕು, ಯಾರು ಓದಿದ್ರೂ ನಡಿಯುತ್ತೆ” ಎಂದು ಸೈಕಲ್ ಅಂಗಡಿಯವನ ಮಗನನ್ನು ಕರೆಸಿದರು. ಮೈಕ್ ಕೆಟ್ಟರೂ ಕೊನೆಯ ಬೆಂಚಿಗೆ ಕೇಳಿಸುವ ಗಂಟಲು ಅವನದು. ಕವಿ ಮೇಷ್ಟ್ರು ‘ಮಗಳೇ’ ಇದ್ದಲ್ಲೆಲ್ಲ ‘ಮಗನೇ’ ಎಂದು ತಿದ್ದಿದರು. ಹೊಸ ವೀರನ ತಯಾರಿ ಐದು ನಿಮಿಷದಲ್ಲಿ ಮುಗಿಯಿತು.

ಶನಿವಾರ ಆ ಹುಡುಗ ಗುಡುಗಿದ. ಕಿಟಕಿಗಳು ಅದುರಿದವು. ‘ನೆತ್ತರು ಕಾಲುವೆ’ ಬಂದಾಗ ಚೀಫ್ ಗೆಸ್ಟ್ ಕರ್ಚೀಫ್ ತೆಗೆದರು. ಕಾಗದ ಮುಗಿದದ್ದೇ ತಡ, ಎದ್ದು ನಿಂತು, “ಈ ಹುಡುಗನ ಮನೆಯವರು ಯಾರಾದ್ರೂ ಬಂದಿದ್ರೆ ಸ್ಟೇಜಿಗೆ ಬರ್ಬೇಕು” ಎಂದರು.

ಸೈಕಲ್ ಅಂಗಡಿಯವನು ಹಿಂದಿನ ಸಾಲಿನಿಂದ ಕಕ್ಕಾಬಿಕ್ಕಿಯಾಗಿ ಎದ್ದು ಬಂದ. ಅಂಗಡಿಯಿಂದ ಹಾಗೇ ಬಂದಿದ್ದ, ಕೈ ತುಂಬ ಗ್ರೀಸು.

“ನಾನೇ ಅವನ ಅಪ್ಪ ಸಾರ್.”

ಚೀಫ್ ಗೆಸ್ಟ್ ಎರಡು ಹೆಜ್ಜೆ ಹಿಂದೆ ಸರಿದು ಅವನ ಎದೆ ನೋಡಿದರು. “ಅಬ್ಬಾ! ಇಷ್ಟು ಬೇಗ ವಾಸಿಯಾಯ್ತೇ!” ಎಂದು ಅವನ ಕೈ ಹಿಡಿದು ಮೇಲೆತ್ತಿದರು. “ನೋಡಿ ಮಕ್ಕಳೇ, ಇದು ಬಂದೂಕು ಹಿಡಿದ ಕೈ!”

“ಅಲ್ಲ ಸಾರ್, ಪಂಕ್ಚರ್ ಹಾಕೋ ಕೈ.”

“ಎಂಥಾ ವಿನಯ!” ಎಂದರು ಚೀಫ್ ಗೆಸ್ಟ್. ಚಪ್ಪಾಳೆಯೋ ಚಪ್ಪಾಳೆ. ಹೆಡ್ ಮಿಸ್ ನೆಲ ನೋಡುತ್ತ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಚೀಫ್ ಗೆಸ್ಟ್ ಗ್ರೀಸು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡದ್ದರಿಂದ ಫೋಟೋದಲ್ಲಿ ಅವರೊಬ್ಬರೇ ಯುದ್ಧದಿಂದ ಬಂದವರಂತೆ ಕಾಣುತ್ತಿದ್ದರು.

ಚಿನಕುರಳಿ ನಗುತ್ತಲೇ ಮನೆಗೆ ಬಂದಳು. ಅಮ್ಮ ಅಪ್ಪನಿಗೆ ಕಾಗದ ಬರೆಯುತ್ತಿದ್ದಳು. ಇಪ್ಪತ್ತೆರಡು ಇನ್ನೂ ಬಂದಿರಲಿಲ್ಲ. ಅವಳ ನಗು ಅಲ್ಲಿಗೇ ನಿಂತಿತು.

“ಕೆಳಗೆ ಜಾಗ ಬಿಟ್ಟಿದೀನಿ, ಬರಿ” ಎಂದಳು ಅಮ್ಮ.

ಪ್ರತಿ ಸಲ ಅವಳು ಬರೆಯುತ್ತಿದ್ದುದು ಒಂದೇ: “ಅಪ್ಪಾ, ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಓದುತ್ತಿದ್ದೇನೆ.” ಇವತ್ತು ಪೆನ್ನಿನ ತುದಿ ಕಚ್ಚುತ್ತ ಬಹಳ ಹೊತ್ತು ಕೂತಳು. ಆಮೇಲೆ ಬರೆದಳು:

“ಅಪ್ಪಾ, ನಿನ್ನ ಶೇವಿಂಗ್ ಬ್ರಶ್ ತಗೊಂಡು ನಾನು ಶೂಗೆ ಪಾಲಿಶ್ ಹಾಕಿದೆ. ಈಗ ಅದು ಕಪ್ಪಗಾಗಿದೆ. ಬೈಯಬೇಕೆಂದಿದ್ದರೆ ಬೇಗ ಕಾಗದ ಬರಿ.”

ಅಮ್ಮ ಓದಿ ಹುಬ್ಬೇರಿಸಿದಳು. “ಹಾಕಿದ್ಯೇನೇ ನಿಜವಾಗ್ಲೂ?”

“ಇಲ್ಲಮ್ಮಾ. ಆದ್ರೆ ಅಪ್ಪಂಗೆ ಸಿಟ್ಟು ಬಂದ್ರೆ ತಡ್ಕೊಳಕ್ಕಾಗಲ್ವಲ್ಲ. ಕೂತ್ಕೊಂಡು ಬರೆದೇ ಬರೀತಾನೆ.”

ಅಮ್ಮ ಅವಳನ್ನೇ ನೋಡಿದಳು. ಸುಳ್ಳು ಹೇಳಿದ್ದಕ್ಕೆ ಬೈಯುತ್ತಾಳೇನೋ ಎಂದು ಚಿನಕುರಳಿ ಕಾದಳು. ಅಮ್ಮ ಬೈಯಲಿಲ್ಲ. ಪೆನ್ನು ತೆಗೆದುಕೊಂಡು, ಮಗಳ ಸಾಲಿನ ಕೆಳಗೆ, ನಿಧಾನವಾಗಿ ಬರೆದಳು:

“ಹೌದು, ಬ್ರಶ್ ಪೂರ್ತಿ ಹಾಳಾಗಿದೆ. ನನ್ನ ಮಾತು ಇವಳು ಕೇಳುವುದಿಲ್ಲ. ನೀವೇ ಬಂದು ವಿಚಾರಿಸಿಕೊಳ್ಳಿ.”