ಸಬ್‌ವೇ ಗೋಡೆಯ ಆಚೆ

ಅಪ್ಪ ತೀರಿಕೊಂಡಂದಿನಿಂದ ನನ್ನ ತಂಗಿ ಪುಟ್ಟಿ ತುಟಿ ಬಿಚ್ಚಿರಲಿಲ್ಲ. ಒಂದು ಮಟಮಟ ಮಧ್ಯಾಹ್ನ ಅವಳ ಕೈ ಹಿಡಿದು ರಸ್ತೆ ಕೆಳಗಿನ ಸಬ್‌ವೇಯಲ್ಲಿ ಬರುತ್ತಿದ್ದೆ. ಸುಡುಬೇಸಿಗೆಯಲ್ಲೂ ಅಲ್ಲಿ ನಮ್ಮ ಬಾಯಿಂದ ಹಬೆ ಬಂತು. ದೀಪ ಒಮ್ಮೆ ಆರಿ ಹತ್ತಿತು. ನನ್ನ ಕೈ ಬರಿದಾಗಿತ್ತು.

ಹುಚ್ಚಿಯಂತೆ ಕೂಗಿದೆ. ಗೋಡೆಯ ಹಿಂದೆ ಸಂತೆಯಂಥ ಗದ್ದಲ ಕೇಳಿಸಿತು. ಕಿವಿಯಿಟ್ಟೆ.

"ಅಳಬೇಡ ಕಣೇ, ಇವಳಿಗೆ ಜಡೆ ಹಾಕಿ ಕಳಿಸ್ತೀನಿ," ಎಂದಿತು ಒಂದು ಮುದಿದನಿ.

"ಅಜ್ಜೀ, ನಂಗಿರೋದು ಇವಳೊಬ್ಬಳೇ ತಂಗಿ. ಕೊಟ್ಟುಬಿಡಿ!" ಎಂದು ಗೋಡೆ ಗುದ್ದಿದೆ.

ಹಿಂದಿನಿಂದ ಯಾರೋ ನನ್ನ ಅಂಗಿ ಜಗ್ಗಿದರು. ಪುಟ್ಟಿ! ಕೆದರಿದ್ದ ಕೂದಲು ಒಪ್ಪವಾದ ಜಡೆಯಾಗಿತ್ತು.

"ಅಕ್ಕಾ, ಹಸಿವು," ಎಂದಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ.

ಈಗ ಮನೆ ತುಂಬ ಅವಳದೇ ವಟವಟ, ಅಮ್ಮನೂ ನಗುತ್ತಾಳೆ.

ಮೊನ್ನೆ ರಿಪೇರಿಯವರು ಆ ಗೋಡೆ ಒಡೆದರು. ಅದರ ಹಿಂದೆ ಬರೀ ಮಣ್ಣಿತ್ತು. ಮುಟ್ಟಿ ನೋಡಿದೆ, ಬೆಚ್ಚಗಿತ್ತು.