ಧೂಳು ಹಿಡಿಯದ ಬ್ಯಾಗು

ಮಷಿನ್ ಮೇಲಿನ ಕರಿ ಗವಸು ತೆಗೆದು ಮಡಚಿಟ್ಟು, ಅಸ್ಮತ್ ಹದಿನೇಳನೆಯ ಬ್ಯಾಗಿಗೆ ರೇಡಿಯಂ ಪಟ್ಟಿ ಹೊಲಿಯುತ್ತಿದ್ದಳು. ಬೆಳಕು ಬಿದ್ದರೆ ಮಿಂಚುವ ಆ ಪಟ್ಟಿಯ ಮೇಲೆ ಸೂಜಿ ಒಮ್ಮೆ ತಪ್ಪಿ ಇಳಿದರೆ ತೂತು ಹಾಗೆಯೇ ಉಳಿದುಬಿಡುತ್ತದೆ. ಬಿಚ್ಚಿ ಮತ್ತೆ ಹೊಲಿಯುವ ಹಾಗಿಲ್ಲ. ಅದಕ್ಕೇ ಉಸಿರು ಬಿಗಿಹಿಡಿದು, ಮೋಟಾರಿನ ಪೆಡಲ್ ಮೇಲೆ ಕಾಲು ಹಗುರ ಮಾಡಿ, ಇಷ್ಟಿಷ್ಟೇ ಮುಂದೆ ಸರಿಸುತ್ತಿದ್ದಳು.

ಮೂಲೆಯಲ್ಲಿ ಅತ್ತೆ ಹಸೀನಾ ಬೇಗಂ ಸೂಜಿ ಹಿಡಿದು ಕೂತಿದ್ದರು. ಕಣ್ಣಿಗೆ ಪೊರೆ ಬಂದು ವರ್ಷವಾಯಿತು. ಆದರೂ ಕೈ ಸುಮ್ಮನಿರುವುದಿಲ್ಲ. ಹೊಸ ವಸ್ತು ಏನು ಕಂಡರೂ ಅದಕ್ಕೊಂದು ಗವಸು. ಟಿವಿಗೆ, ಮಿಕ್ಸರಿಗೆ, ಚಳಿ ಬಂದರೆ ಟೇಬಲ್ ಫ್ಯಾನಿಗೆ. ಬುರ್ಖಾ ಹೊಲಿದು ಉಳಿದ ಕರಿ ಬಟ್ಟೆ, ಕೆಂಪು ದಾರ. ಕರಿಯ ಮೇಲೆ ಕೆಂಪಾದರೆ ಮಾತ್ರ ತಮ್ಮ ಹೊಲಿಗೆ ಅವರಿಗೆ ಕಾಣುತ್ತಿತ್ತು.

“ಬೇಟಿ, ಸೂಜಿಗೆ ದಾರ ಹಾಕಿ ಕೊಡು. ಆ ಪೋತ್ನಾಳದ ಹುಡುಗ ಬಂದಾಗೆಲ್ಲ ಅವನ ಹಾಕಿ ಕೊಡತಿದ್ದ. ಅಲ್ಲಾಹ್ ಅವನ ಮ್ಯಾಲ ರಹಮ್ ಮಾಡಲಿ.”

ಅಸ್ಮತ್ ಎದ್ದು ದಾರ ಪೋಣಿಸಿ ಕೊಟ್ಟಳು. ಆ ಹುಡುಗ ಅಂಬರೀಶ ಸತ್ತು ಆರು ದಿನವಾಗಿತ್ತು.

ಈ ಬ್ಯಾಗು ಅವನದೇ ಕಲ್ಪನೆ. ಪೋತ್ನಾಳದಿಂದ ದಿನಾ ಸೈಕಲ್ ಮೇಲೆ ಮಾನ್ವಿಗೆ ಹೋಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಸೈಕಲ್ಲಿನ ಹಿಂದಿನ ಕೆಂಪು ಗಾಜು ಎಂದೋ ಒಡೆದಿತ್ತು. “ಆಪಾ, ಬ್ಯಾಗು ಚಂದ ಕಾಣೋದು ಬ್ಯಾಡ. ನಾ ಕಾಣಬೇಕು,” ಎಂದು ನಗುತ್ತ ಇದೇ ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದ. ಬುತ್ತಿ ಡಬ್ಬಿ ಅಲುಗದೆ ನಿಲ್ಲಬೇಕು. ನೀರಿನ ಬಾಟಲಿ ಹಿಂದಕ್ಕೆ ತಿರುಗದೆಯೇ ಕೈಗೆ ಸಿಗಬೇಕು. ಬೆನ್ನಿಗೂ ಬ್ಯಾಗಿಗೂ ನಡುವೆ ಗಾಳಿ ಆಡಬೇಕು, ಇಲ್ಲದಿದ್ದರೆ ಈ ಊರಿನ ಬಿಸಿಲಿಗೆ ಅಂಗಿ ಹಿಂಡುವ ಹಾಗಾಗುತ್ತದೆ. ಪಟ್ಟಿ ಹೆಗಲ ಮಟ್ಟದಲ್ಲೇ ಇರಬೇಕು. ಕೆಳಗಿದ್ದರೆ ಕ್ಯಾರಿಯರ್ ಮೇಲಿನ ಸಾಮಾನು ಮುಚ್ಚುತ್ತದೆ. ನಾಲ್ಕು ಬ್ಯಾಗು ಕೆಟ್ಟ ಮೇಲೆ ಐದನೆಯದು ಸರಿಯಾಯಿತು. ಅದನ್ನು ನೋಡಿಯೇ ಅವನ ಅಕ್ಕ ಉಮಾದೇವಿ ನಲವತ್ತು ಬ್ಯಾಗು ಹೇಳಿದ್ದಳು. ರಾಯಚೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಅವಳು. ಹುಡುಗಿಯರು ಸೈಕಲ್ ಮೇಲೆ ಕಾಲೇಜಿಗೆ ಹೋಗುತ್ತಿದ್ದರು.

ಬಾಗಿಲು ಬಡಿದ ಸದ್ದು.

ಹೊರಗೆ ಉಮಾದೇವಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಜೊತೆಗೆ ಖಾಕಿಯಲ್ಲಿ ಒಬ್ಬ ಹೆಂಗಸು.

“ನಾನು ದೇವಿಕಾ. ಮಾನ್ವಿ ಠಾಣಾದ ಎಎಸ್ಐ. ಅಂಬರೀಶನ ಬ್ಯಾಗು ಹೊಲಿದಾಕಿ ನೀವೇನ್ರಿ?”

“ಹೌದ್ರಿ. ಒಳಗ ಬರ್ರಿ.”

ದೇವಿಕಾ ಪ್ಲಾಸ್ಟಿಕ್ ಕವರಿನಿಂದ ಬ್ಯಾಗು ತೆಗೆದಳು. ಅಸ್ಮತ್‌ಳ ಕೈ ಬ್ಯಾಗಿನತ್ತ ಚಾಚಿತು. ಒಂದು ಬದಿಯ ಬೆಲ್ಟು ಕಿತ್ತಿತ್ತು. ಉಳಿದದ್ದೆಲ್ಲ ಹಾಗೇ ಇತ್ತು.

“ಬಾಗಿಲಾ ಕಿಟಕಿ ಹಾಕ್ರಿ.”

ಕತ್ತಲಾಯಿತು. ದೇವಿಕಾ ಮೊಬೈಲಿನ ಟಾರ್ಚ್ ಹಿಡಿದಳು. ಹೆಗಲಗಲದ ಪಟ್ಟಿ ಝಗ್ಗನೆ ಹೊತ್ತಿಕೊಂಡಿತು. ಉಮಾದೇವಿ ಮುಖಕ್ಕೆ ಸೆರಗು ಒತ್ತಿಕೊಂಡಳು.

“ಹಿಂದಿಂದ ಗುದ್ದಿದಂವ ಏನಂತಾನ ಗೊತ್ತೇನ್ರಿ? ಏನೂ ಹೊಳೀಲಿಲ್ಲ, ಮುಂದ ಬರೇ ಕತ್ತಲಿತ್ತು ಅಂತಾನ!”

“ಸುಳ್ಳು ಬೊಗಳತಾನ!” ಉಮಾದೇವಿ ಸಿಡಿದಳು. “ತಪ್ಪಿಸ್ಕೊಳ್ಳಾಕ!”

“ಯಾರ್ರಿ ಅವ?” ಅಸ್ಮತ್ ಕೇಳಿದಳು.

“ಶಾಮೀದಸಾಬ. ದೇವದುರ್ಗದಂವ. ಸಾಮಾನಿನ ಆಟೋ ಹೊಡೀತಾನ. ಕುಡಿದಿಲ್ಲ. ಗಾಡಿ ಲೈಟು ಸರಿ ಅದಾವ. ಓಡಿಹೋಗಿಲ್ಲ — ತಾನ ಎತ್ತಿ ಹಾಕ್ಕೊಂಡು ದವಾಖಾನಿಗೆ ತಂದಾನ. ಇಂಥಂವ ಇದೊಂದು ಮಾತಿನಾಗ ಯಾಕ ಸುಳ್ಳು ಹೇಳಬೇಕು? ನನಗ ತಿಳಿಯದ್ದು ಇದ ನೋಡ್ರಿ.” ಪುಸ್ತಕ ತೆಗೆದಳು. “ನಿಮ್ಮ ತಮ್ಮ ದಿನಾ ಕತ್ತಲದಾಗ ಬರತಿದ್ದನೇನ್ರಿ ಉಮಾದೇವಿ?”

“ಇಲ್ರಿ. ಬೆಳಕಿದ್ದಾಗನ ಮನಿ ಸೇರತಿದ್ದ. ಅವತ್ತು ಪರೀಕ್ಷಾ ಪೇಪರು ತಿದ್ದಿ ತಡಾ ಆಗಿತ್ತು.”

“ಬ್ಯಾಗು ಒಯ್ದು ಎಷ್ಟು ದಿನಾ ಆತು?”

“ಮೂರು ತಿಂಗಳು,” ಅಂದಳು ಅಸ್ಮತ್.

“ನೀವ ಕೈಯಾರೆ ಕೊಟ್ರಿ?”

“ಇಲ್ರಿ. ನಾ ಅವತ್ತು ದೇವದುರ್ಗಕ್ಕ, ತವರಮನಿಗೆ ಹೋಗಿದ್ದೆ. ನಮ್ಮ ಅತ್ತಿ, ಅಮ್ಮೀನ ಕೊಟ್ಟು ಕಳಿಸ್ಯಾರ.”

ದೇವಿಕಾ ಬರೆದುಕೊಂಡಳು. ಬ್ಯಾಗಿನ ಪಟ್ಟಿ ಇರುವ ಹೊರಮೈ ಮೇಲೆ ಬೆರಳಾಡಿಸಿ, ಬೆರಳ ತುದಿಯನ್ನು ನೋಡಿದಳು. ಮತ್ತೆ ಬೆಲ್ಟಿನ ಮೇಲೆ ಆಡಿಸಿ ನೋಡಿದಳು.

“ಈ ಪಟ್ಟಿ ಎಲ್ಲಿ ತಂದ್ರಿ?”

ಪಟ್ಟಿ ತಂದದ್ದು ಬಸ್‌ಸ್ಟ್ಯಾಂಡಿನ ಹತ್ತಿರ ನಂಬರ್ ಪ್ಲೇಟ್ ಬರೆಯುವ ಖಲೀಲನ ಅಂಗಡಿಯಲ್ಲಿ. ಮೂವರೂ ಅಲ್ಲಿಗೆ ಹೋದರು. ಪೊಲೀಸರನ್ನು ಕಂಡವನೇ ಖಲೀಲ್ ಬ್ರಷ್ ಕೆಳಗಿಟ್ಟ.

“ನಂದು ಖೋಟಾ ಮಾಲು ಅಂತೀರೇನ್ರಿ ಮೇಡಂ? ನಿಮ್ಮ ಠಾಣಾದ ಜೀಪಿಗೆ ಹಚ್ಚಿದ್ದು ಯಾರು, ಕೇಳ್ರಿ!”

“ಅದು ಹೊಳಿಯಂಗಿಲ್ಲ, ಅದಕ್ಕ ಕೇಳಾಕತ್ತೀನಿ.”

“ಜೀಪು ತೊಳದ್ರ ಹೊಳಿತಾದ್ರಿ! ಧೂಳು ಕುಂತ್ರ ನಾ ಏನ್ ಮಾಡ್ಲಿ? ಈ ರಸ್ತಿ ಮ್ಯಾಲ ಎಂಟು ದಿನಾ ಒರಸಲಿಲ್ಲ ಅಂದ್ರ ಸೂರ್ಯಾನೂ ಹೊಳಿಯಂಗಿಲ್ಲ.” ಬ್ಯಾಗು ನೋಡಿದ. ದನಿ ತಗ್ಗಿತು. “ಇದು ಆ ಮಾಸ್ತರಂದಲ್ಲ? ಪಟ್ಟಿ ಆರಿಸಾಕ ತಾನ ಬಂದಿದ್ದ. ಇದ್ದದ್ದರಾಗ ಚಲೋದ ಕೊಟ್ಟೀನ್ರಿ. ಅಸ್ಮತ್ ಆಪಾನ ಕೇಳ್ರಿ.”

“ಧೂಳು,” ಅಂದಳು ದೇವಿಕಾ, ತನ್ನಷ್ಟಕ್ಕೆ. ಆಮೇಲೆ ಇಬ್ಬರ ಕಡೆಗೂ ತಿರುಗಿದಳು. “ನಾಳೆ ಮುಂಜಾನಿ ಇಬ್ರೂ ಠಾಣಾಕ ಬರ್ರಿ. ಶಾಮೀದಸಾಬನ್ನ ಇನ್ನೊಂದು ಮಾತು ಕೇಳೋದದ.”

ಮರುದಿನ ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಉಮಾದೇವಿ ಅಸ್ಮತ್ ಪಕ್ಕವೇ ಕೂತಿದ್ದಳು. ಸೈಕಲ್ಲಿನವನೊಬ್ಬ ಕಿಟಕಿಯ ಹೊರಗೆ ಹಿಂದೆ ಸರಿದಾಗ ಉಮಾದೇವಿ ಅಸ್ಮತ್‌ಳ ಕೈ ಹಿಡಿದುಕೊಂಡವಳು ಇಳಿಯುವವರೆಗೆ ಬಿಡಲಿಲ್ಲ. ‘ನನ್ನ ಪಟ್ಟಿ ಹೊಳೆದಿರಬೇಕು, ಅವನೇ ಸುಳ್ಳು ಹೇಳುತ್ತಿರಬೇಕು’ ಎಂದು ಅಸ್ಮತ್ ಮನಸ್ಸಿನಲ್ಲೇ ಬೇಡಿಕೊಂಡಳು. ಹೊಳೆದಿರದಿದ್ದರೆ? ಆ ನಲವತ್ತು ಹುಡುಗಿಯರ ಬೆನ್ನಿಗೆ ಅವಳು ಏನನ್ನು ಕಟ್ಟುತ್ತಿದ್ದಾಳೆ?

ಶಾಮೀದಸಾಬ ಅರವತ್ತು ದಾಟಿದವ. ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ. ಉಮಾದೇವಿಯನ್ನು ಕಂಡು ಎದ್ದು ನಿಂತ.

“ಯವ್ವಾ, ಖುದಾನ ಆಣಿ. ಏನೂ ಹೊಳೀಲಿಲ್ಲ.”

“ನನ್ನ ಯವ್ವಾ ಅನಬ್ಯಾಡ,” ಅಂದಳು ಅವಳು.

“ಕುಂದ್ರು, ಸಾಬ,” ದೇವಿಕಾ ನಡುವೆ ಬಂದಳು. “ಹುಡುಗನ ತಲಿಗೆ ಒಂದು ಅರಿವಿ ಕಟ್ಟಿದ್ದಿ. ಅದು ನಿನ್ನ ಟವೆಲ್ಲೇನು?”

“ಅಲ್ರಿ. ನನ್ನ ಟವೆಲ್ಲು ಆಟೋದಾಗ ಇತ್ತು. ಅದನ್ನ ತರೋ ತನಕ ರಕ್ತ ನಿಲ್ಲಬೇಕಲ್ರಿ? ಕೈಗೆ ಸಿಕ್ಕಿದ್ದು ಎಳಕೊಂಡೆ.”

“ಎಲ್ಲಿಂದ ಎಳಕೊಂಡಿ?”

“ಅವನ ಬ್ಯಾಗಿನ ಮ್ಯಾಲಿಂದರಿ. ಲಾಡಿ ಕಟ್ಟಿತ್ತು, ಬಿಚ್ಚಿದೆ.”

ದೇವಿಕಾ ಮುಂದಕ್ಕೆ ಬಾಗಿದಳು.

“ಮೊದಲ ಯಾಕ ಹೇಳಲಿಲ್ಲ?”

“ಯಾರೂ ಕೇಳಲಿಲ್ಲರಿ ಮೇಡಂ.”

ದೇವಿಕಾ ಕಪಾಟಿನಿಂದ ಒಂದು ಪೊಟ್ಟಣ ತಂದು ಬಿಚ್ಚಿದಳು. ಕರಿ ಬಟ್ಟೆ. ರಕ್ತ ಒಣಗಿ ಅಟ್ಟೆಯಂತೆ ಬಿರುಸಾಗಿತ್ತು. ಅಂಚಿನುದ್ದಕ್ಕೂ ಓರೆಕೋರೆಯಾಗಿ ನಡೆದ ಕೈ ಹೊಲಿಗೆ.

ಕೆಂಪು ದಾರ.

ಅಸ್ಮತ್ ಗೋಡೆಗೆ ಒರಗಿ ನಿಂತಳು.

“ದವಾಖಾನಿಯವರು ಕೊಟ್ಟ ಸಾಮಾನಿನ ಯಾದಿಯೊಳಗ ‘ಕರಿ ಬಟ್ಟೆ ತುಂಡು, ಒಂದು’ ಅಂತ ಬರದಿತ್ತು,” ದೇವಿಕಾ ಹೇಳಿದಳು. “ಇವನ ಟವೆಲ್ಲಿರಬೇಕು ಅಂತ ನಾವೆಲ್ಲಾ ತಿಳಕೊಂಡ್ವಿ. ಆದರ ನಿನ್ನೆ ಬ್ಯಾಗು ಮುಟ್ಟಿ ನೋಡಿದೆ. ಬೆಲ್ಟು ಬಿಸಿಲಿಗೆ ಬೆಳ್ಳಗಾಗ್ಯಾವ, ಬೆವರು ಕುಡದಾವ. ಪಟ್ಟಿ ಇರೋ ಹೊರಮೈ ಮ್ಯಾಲ ಮಾತ್ರ ಒಂದು ಚೂರು ಧೂಳಿಲ್ಲ. ಮೂರು ತಿಂಗಳು ಈ ರಸ್ತಿ ಮ್ಯಾಲ ಅಡ್ಡಾಡಿದ ಬ್ಯಾಗು ನಿನ್ನೆ ಹೊಲಿದಂಗ ಹ್ಯಾಂಗ ಇರತಾದ? ಅದರ ಮ್ಯಾಲ ಯಾವಾಗಲೂ ಏನೋ ಇತ್ತು.”

ಬಟ್ಟೆಯನ್ನು ಬ್ಯಾಗಿಗೆ ತೊಡಿಸಿದಳು. ಅಳತೆ ಹಿಡಿದು ಹೊಲಿದ ಹಾಗೆ ಕೂತಿತು. ಲಾಡಿ ಎಳೆದಳು. ಬಾಗಿಲು ಹಾಕಿಸಿದಳು. ಟಾರ್ಚ್ ಹಿಡಿದಳು.

ಏನೂ ಕಾಣಲಿಲ್ಲ. ಕತ್ತಲೆಯೊಳಗೆ ಕತ್ತಲೆಯೇ ಕೂತಿತ್ತು.

ಬಾಗಿಲು ತೆರೆದಾಗ ಶಾಮೀದಸಾಬ ಬಿಕ್ಕುತ್ತಿದ್ದ. “ನನ್ನ ಮಾತು ಖರೇ ಆತು. ಆದರ ಹುಡುಗ ಹೋದನಲ್ರಿ...”

“ಗಾಡಿ ಹೊಡದಿದ್ದು ನೀನ, ಅದು ಕೇಸಿನಾಗ ಇರತಾದ,” ಅಂದಳು ದೇವಿಕಾ. “ಆದರ ನೀ ಸುಳ್ಳಾಡಿಲ್ಲ ಅಂತನೂ ಬರೀತೀನಿ.” ತಡೆದು ಮುಂದುವರಿಸಿದಳು. “ನಿನ್ನೆ ಸಂಜಿ ಪೋತ್ನಾಳಕ್ಕ ಹೋಗಿ ಅವನ ತಾಯಿ ಗೋಪಮ್ಮನ್ನ ಕೇಳಿದೆ. ಗವಸು ಬ್ಯಾಗಿನ ಜೋಡೀನ ಬಂತಂತ. ‘ಅಷ್ಟು ಪ್ರೀತೀಲೆ ಕೊಟ್ಟಾರಬೇ, ಹಾಕ್ಕೊಳ್ಳದ ಹ್ಯಾಂಗ ಇರಲಿ’ ಅಂತಿದ್ದನಂತ. ಅವತ್ತು ಕತ್ತಲಾದಾಗ ತಗಿಯೋದು ಮರತಿರಬೇಕು. ಅಂದ್ರ ಇದು ನಿಮ್ಮ ಮನಿಯಾಗ ಹೊಲಿದದ್ದು. ಅಸ್ಮತ್, ಯಾರು ಹೊಲಿದ್ರು?”

ಅಸ್ಮತ್‌ಳ ಕಣ್ಣಮುಂದೆ ಆ ಮೂಲೆ ಬಂತು. ಪೊರೆಗಣ್ಣಿನ ಮುದುಕಿ ಸೂಜಿ ಚಾಚುತ್ತಾಳೆ. ಹುಡುಗ ನಗುತ್ತ ಕೆಂಪು ದಾರ ಪೋಣಿಸಿ ಕೊಡುತ್ತಾನೆ.

“ನಾನು.”

“ನೀವು?”

“ಹೌದ್ರಿ. ನಾನ ಹೊಲಿದದ್ದು. ಬ್ಯಾಗು ಹೊಸದ ಇರಲಿ ಅಂತ.”

“ಇದು ಕೈ ಹೊಲಿಗಿ ಅದ.”

“ಕರೆಂಟ್ ಇರಲಿಲ್ಲ.”

“ಕರಿ ಅರಿವಿಗೆ ಕೆಂಪು ದಾರ?”

“ಕರಿ ದಾರ ತೀರಿತ್ತು.”

ದೇವಿಕಾ ಪುಸ್ತಕದ ಹಿಂದಿನ ಹಾಳೆ ತಿರುವಿದಳು. ಅಲ್ಲಿ ಏನು ಬರೆದಿದೆ ಎಂದು ಅಸ್ಮತ್‌ಗೆ ಗೊತ್ತಿತ್ತು. ಅವತ್ತು ತಾನು ದೇವದುರ್ಗದಲ್ಲಿದ್ದೆ, ಕೊಟ್ಟು ಕಳಿಸಿದ್ದು ಅಮ್ಮಿ ಎಂದು.

“ನಿಮ್ಮ ಮಷಿನ್ ಪಕ್ಕ ಕೆಂಪು ದಾರದ್ದ ಒಂದು ಗವಸು ಮಡಚಿಟ್ಟಿತ್ತು,” ದೇವಿಕಾ ಮೆಲ್ಲಗೆ ಹೇಳಿದಳು. “ಅವತ್ತೂ ಕರಿ ದಾರ ತೀರಿತ್ತೇನ್ರಿ?”

ಅಸ್ಮತ್ ಕಣ್ಣು ಕೆಳಗಿಳಿಸಲಿಲ್ಲ. “ನನ್ನ ಹೆಸರು ಬರ್ಕೋರಿ ಮೇಡಂ.”

ದೇವಿಕಾ ಹಾಳೆ ಮುಂದಕ್ಕೆ ತಿರುವಿದಳು. “ಗವಸು ಹೊಲಿಯೋದು ಯಾವ ಕಲಮಿನಾಗೂ ಅಪರಾಧ ಅಲ್ಲ,” ಎಂದು, ಅಸ್ಮತ್ ಹೇಳಿದ್ದನ್ನು ಹೇಳಿದಂತೆಯೇ ಬರೆದಳು.

ಹೊರಗೆ ಬೇವಿನ ಮರದ ಕೆಳಗೆ ಉಮಾದೇವಿ ತಡೆದಳು.

“ಕಾಣಲಿ ಅಂತ ಹೊಲಿದಿರಿ. ನೀವ ಮುಚ್ಚಿಬಿಟ್ರೇನು, ಆಪಾ?”

ಅಸ್ಮತ್ ರಸ್ತೆಯ ಕಡೆ ಮುಖ ತಿರುಗಿಸಿದಳು. ಉಮಾದೇವಿ ಒಬ್ಬಳೇ ಪೋತ್ನಾಳದ ಬಸ್ಸು ಹತ್ತಿದಳು. ನಲವತ್ತು ಬ್ಯಾಗು ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನದ ನಮಾಜು ಮುಗಿಸಿ ಹಸೀನಾ ಬೇಗಂ ಮೂಲೆಯಲ್ಲೇ ಕೂತಿದ್ದರು. ತೊಡೆಯ ಮೇಲೆ ಕರಿ ಬಟ್ಟೆ. ಪಕ್ಕದಲ್ಲಿ ಮುಗಿದ ಎರಡು ಗವಸು.

“ಹಾಸ್ಟೆಲ್ ಹುಡುಗಿಯರಿಗೂ ಒಂದೊಂದು ಕೊಡೂಣು ಬೇಟಿ. ಪಾಪ, ಹೊಸಾ ಬ್ಯಾಗು.” ಅವರ ಕೈ ನಿಂತಿತು. “ಆ ಹುಡುಗನ ಬ್ಯಾಗು ನೋಡಿದ್ಯಾ? ಭಾಳ ಕೆಟ್ಟಿತ್ತೇನು? ಧೂಳು ಹಿಡಿದಿತ್ತೇನು?”

“ಇಲ್ಲ ಅಮ್ಮಿ. ಹೊಸದಿದ್ದಂಗ ಇತ್ತು.”

“ಅಷ್ಟರ ಆತಲ್ಲ,” ಎಂದು ಮುದುಕಿ ಕಣ್ಣೊರೆಸಿಕೊಂಡರು.

ಅಸ್ಮತ್ ಅವರ ತೊಡೆಯಿಂದ ಕರಿ ಬಟ್ಟೆಯನ್ನು ನಿಧಾನವಾಗಿ ಎತ್ತಿಕೊಂಡಳು. ಮುಗಿದ ಎರಡನ್ನೂ ಎತ್ತಿಕೊಂಡಳು. ಪೆಟ್ಟಿಗೆಯ ತಳದಿಂದ ಹಳದಿ ಬಟ್ಟೆಯ ಥಾನು ತೆಗೆದು, ಒಂದು ಗವಸಿನಷ್ಟು ಕತ್ತರಿಸಿ ಅವರ ಮುಂದೆ ಹರಡಿದಳು.

“ಇನ್ನ ಮ್ಯಾಲ ಇದರಾಗ ಹೊಲಿರಿ ಅಮ್ಮಿ.”

“ಕರೇದು ಯಾಕ ಬ್ಯಾಡ?”

“ಹಳದಿ ಮ್ಯಾಲ ಕರಿ ದಾರ ನಿಮಗ ಚಲೋ ಕಾಣತಾದ.”

ಮುದುಕಿ ಬಟ್ಟೆಯನ್ನು ಕಣ್ಣ ಹತ್ತಿರ ಹಿಡಿದರು. “ಹೌದಲ್ಲ,” ಎಂದು ಸಣ್ಣಗೆ ಅಚ್ಚರಿಪಟ್ಟರು.

ಅಸ್ಮತ್ ಸೂಜಿಗೆ ಕರಿ ದಾರ ಪೋಣಿಸಿ ಕೊಟ್ಟು ಮಷಿನ್ನಿಗೆ ಬಂದು ಕೂತಳು. ಬೇಕೆನ್ನಲಿ, ಬಿಡಲಿ, ನಲವತ್ತೂ ಮುಗಿಸುವುದು. ಅತ್ತೆ ಹೊಲಿದ ಪ್ರತಿ ಗವಸಿನ ಮೇಲೂ ಒಂದು ಪಟ್ಟಿ ಕೂರಿಸುವುದು. ಉಮಾದೇವಿ ಮತ್ತೆ ಎಂದಾದರೂ ಬಂದು ಅದೇ ಪ್ರಶ್ನೆ ಕೇಳಿದರೆ, ಹೌದು, ನಾನೇ ಮುಚ್ಚಿದೆ ಅನ್ನುವುದು. ಅತ್ತೆಯ ಈ ಮೂಲೆಯ ತನಕ ಆ ಮಾತು ಬರಬಾರದು.

ರೇಡಿಯಂ ಸುರುಳಿ ಎಳೆದು, ಉಸಿರು ಬಿಗಿಹಿಡಿದು, ಸೂಜಿ ಇಳಿಸಿದಳು.